ಮಗ್ ಮೇಲೊಂದು ಶ್ರೀರಂಗಪಟ್ಟಣ

ಎಡಿನ್‌ಬರೋಗೆ ಹೋಗಿ ಬಂದ ಗೆಳೆಯರೊಬ್ಬರು ನನಗೊಂದು ಕಾಫಿ ಮಗ್ ತಂದುಕೊಟ್ಟರು. "ನಮ್ಮ ಶ್ರೀರಂಗಪಟ್ಟಣದ ಚಿತ್ರ ಇದೆ, ನೋಡಿ ಸಾರ್" ಅಂದರು. ತಿರುಗಿಸಿ ನೋಡಿದೆ. ಕೋಟೆ ಬಾಗಿಲು, ಕತ್ತಲು. ಎತ್ತರದಲ್ಲಿ ನಿಂತ ಬ್ರಿಟಿಷ್ ಸೇನಾಧಿಕಾರಿ. ಕೆಳಗೆ ದೀಪದ ಬೆಳಕಿನಲ್ಲಿ ಒಂದು ಶವ. ಅದು ಟಿಪ್ಪು ಸುಲ್ತಾನನದು!

ಈ ಚಿತ್ರ ನಿಮಗೂ ಗೊತ್ತು. ಟಿಪ್ಪು ಬಗ್ಗೆ ಚರ್ಚೆ ಎದ್ದಾಗಲೆಲ್ಲ ನಾವು ಟಿವಿಯವರು ಸ್ಕ್ರೀನ್ ಹಿಂದೆ ಇಂಥವನ್ನೇ ಹಾಕ್ತೀವಿ, 1799ರ ಮೇ 4ರಂದು ಯಾರೋ ಕ್ಯಾಮೆರಾ ಹಿಡಿದು ಅಲ್ಲೇ ನಿಂತಿದ್ದರೇನೋ ಅನ್ನೋ ಹಾಗೆ. ಆದರೆ ಇದನ್ನು ಬರೆದವರು ಯಾರು? ಯಾವಾಗ? ದುಡ್ಡು ಕೊಟ್ಟವರು ಯಾರು?

ಬರೆದವರು ಸ್ಕಾಟ್ಲೆಂಡಿನ ಕಲಾವಿದ ಡೇವಿಡ್ ವಿಲ್ಕಿ. ಮುಗಿಸಿದ್ದು 1839ರಲ್ಲಿ, ಅಂದರೆ ಟಿಪ್ಪು ಸತ್ತ ನಲವತ್ತು ವರ್ಷದ ಮೇಲೆ. ಆತ ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಚಿತ್ರ ಮಾಡಿಸಿದ್ದು ಅದರಲ್ಲಿರುವ ಸೇನಾಧಿಕಾರಿ ಡೇವಿಡ್ ಬೇರ್ಡ್ ಅವರ ವಿಧವೆ. ಗಂಡನ ಕೀರ್ತಿ ಉಳಿಯಲಿ ಅಂತ ಹೆಂಡತಿ ಮಾಡಿಸಿದ, ಹನ್ನೊಂದು ಅಡಿಗೂ ಎತ್ತರದ ಚಿತ್ರ ಇದು.

ಬೇರ್ಡ್ ಕಥೆ ಇನ್ನೂ ಹಿಂದಕ್ಕೆ ಹೋಗುತ್ತೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೈನ್ಯವನ್ನು ಧೂಳೀಪಟ ಮಾಡಿದರು. ಸೆರೆ ಸಿಕ್ಕವರಲ್ಲಿ ಬೇರ್ಡ್ ಕೂಡ ಒಬ್ಬ. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. ಅದೇ ಊರಿನ ಕೋಟೆಗೆ 1799ರಲ್ಲಿ ಲಗ್ಗೆ ಹಾಕಿದ ಪಡೆಯ ಮುಂದಾಳೂ ಅವನೇ! ಅದಕ್ಕೇ ವಿಲ್ಕಿ ಬೇರ್ಡ್‌ನ ಕಾಲಡಿಯಲ್ಲಿ ಬಂದೀಖಾನೆಯ ಕಬ್ಬಿಣದ ಜಾಲರಿ ಬರೆದಿದ್ದಾರೆ. ಚಿತ್ರದ ಅರ್ಥ ಇರೋದೇ ಅಲ್ಲಿ. ಇದು ಸೇಡು ತೀರಿದ ಕಥೆ. ನನ್ನ ಮಗ್ ಮೇಲೆ ಆ ಜಾಲರಿಯೇ ಇಲ್ಲ. ಉದ್ದದ ಚಿತ್ರವನ್ನು ಮಗ್ಗೆ ಸುತ್ತುವಾಗ ಕೆಳಭಾಗ ಕತ್ತರಿಸಿಬಿಟ್ಟಿದ್ದಾರೆ. ಪೊಳ್ಳಿಲೂರು ಹೋಯಿತು, ಸೆರೆವಾಸ ಹೋಯಿತು. ಗೆದ್ದವನು, ಸತ್ತವನು ಇಬ್ಬರೇ ಉಳಿದರು.

ಇಂಥ ವ್ಯಾಪಾರ ಹೊಸದೇನಲ್ಲ. ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಲಂಡನ್‌ನಲ್ಲಿ ಈ ಯುದ್ಧದ 120 ಅಡಿ ಉದ್ದದ ಚಿತ್ರ ಪ್ರದರ್ಶಿಸಿದ. ಕೆಲವೇ ವಾರಗಳಲ್ಲಿ ಬರೆದಿದ್ದು. ಅವನೂ ಶ್ರೀರಂಗಪಟ್ಟಣ ನೋಡಿದವನಲ್ಲ. ಜನ ದುಡ್ಡು ಕೊಟ್ಟು ಮುಗಿಬಿದ್ದು ನೋಡಿದರು. ಆ ಕಾಲದ ಬ್ರೇಕಿಂಗ್ ನ್ಯೂಸ್ ಅನ್ನಿ!

ಹಾಗಾದರೆ ನಮ್ಮ ಕಡೆಯ ಚಿತ್ರ ಇಲ್ವಾ? ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, ಪಶ್ಚಿಮದ ಗೋಡೆ ನೋಡಿ. ಟಿಪ್ಪು ಬರೆಸಿದ ಪೊಳ್ಳಿಲೂರು ಯುದ್ಧ ಅಲ್ಲಿದೆ. ಮದ್ದುಗುಂಡಿನ ಗಾಡಿ ಸಿಡಿಯುತ್ತಿದೆ, ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಮೈಸೂರಿನ ಕುದುರೆಗಳು. ಅದೂ ಗೆದ್ದವನೇ ದುಡ್ಡು ಕೊಟ್ಟು ಬರೆಸಿದ್ದು ಅನ್ನೋದನ್ನ ಮರೀಬೇಡಿ. ಮಜಾ ಏನು ಗೊತ್ತಾ? ಟಿಪ್ಪು ಸತ್ತ ಮೇಲೆ ಆ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ, ತನ್ನವರ ಸೋಲಿನ ಆ ಚಿತ್ರವನ್ನು ಅಳಿಸಲಿಲ್ಲ, ದುರಸ್ತಿ ಮಾಡಿಸಿದ. ಮುಂದೆ ಡಾಲ್‌ಹೌಸಿ ಕಾಲದಲ್ಲಿ ಮತ್ತೊಮ್ಮೆ ಬಣ್ಣ ಬಳಿಸಲಾಯಿತು. ಅಂದರೆ ಇವತ್ತು ನಾವು ನೋಡುವ ಗೋಡೆಯ ಮೇಲೂ ಬೇರೆ ಬೇರೆ ಕಾಲದ ಕೈಗಳಿವೆ.

ಟಿಪ್ಪು ಹೀರೋನಾ, ವಿಲನ್ನಾ? ಆ ಜಗಳ ನಡೀಲಿ, ಬೇಡ ಅನ್ನಲ್ಲ. ದಾಖಲೆ ಇಟ್ಟು ಜಗಳ ಆಡೋಣ. ಈ ಚಿತ್ರ ಟಿಪ್ಪು ಹೇಗಿದ್ದ ಅನ್ನೋದಕ್ಕೆ ಸಾಕ್ಷಿ ಅಲ್ಲ. ಬೇರ್ಡ್ ಮನೆಯವರಿಗೆ ಅವನು ಹೇಗೆ ಬೇಕಿದ್ದ ಅನ್ನೋದಕ್ಕೆ ಮಾತ್ರ ಸಾಕ್ಷಿ.

ತಪ್ಪು ನಮ್ಮದೂ ಇದೆ. ಇನ್ನು ಮುಂದೆ ನನ್ನ ಕಾರ್ಯಕ್ರಮದಲ್ಲಿ ಈ ಚಿತ್ರ ಬಂದರೆ, ಕೆಳಗೆ ಒಂದು ಸಾಲು ಇರುತ್ತೆ: ಡೇವಿಡ್ ವಿಲ್ಕಿ, 1839, ಬೇರ್ಡ್ ಪತ್ನಿಗಾಗಿ. ಇರಲಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ.