ದನದ ತೇಗು ಯಾರ ಲೆಕ್ಕಕ್ಕೆ?

ಮೆಲುಕು ಹಾಕ್ತಿರೋ ದನವನ್ನು ಹತ್ತಿರದಿಂದ ನೋಡಿ. ದವಡೆ ಒಂದು ಕ್ಷಣ ನಿಲ್ಲುತ್ತೆ, ಕೊರಳಲ್ಲಿ ಏನೋ ಮೇಲೇರುತ್ತೆ, ಆಮೇಲೊಂದು ತೇಗು. ಆ ತೇಗಿನಲ್ಲಿ ಮೀಥೇನ್ ಇದೆ. 20 ವರ್ಷದ ಲೆಕ್ಕ ಹಿಡಿದರೆ, ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಮಾಡೋ ಅನಿಲ.

ಈಗ ಬ್ರೆಜಿಲ್‌ನ ಜೆಬಿಎಸ್ ಕಡೆ ಬನ್ನಿ. ಜಗತ್ತಿನ ಅತಿ ದೊಡ್ಡ ಮಾಂಸದ ಕಂಪನಿ. 2021ರಲ್ಲಿ ಅದು ಮಾತು ಕೊಟ್ಟಿತು: 2040ರ ಹೊತ್ತಿಗೆ ನೆಟ್ ಝೀರೋ, ಅಂದರೆ ಬಿಸಿ ಮಾಡೋ ಅನಿಲಗಳನ್ನು ಆದಷ್ಟು ತಗ್ಗಿಸಿ, ಉಳಿದದ್ದನ್ನು ಸರಿದೂಗಿಸಿ, ಒಟ್ಟು ಲೆಕ್ಕ ಸೊನ್ನೆಗೆ ತರೋದು.

ಇಂಥ ಮಾತನ್ನು ಅಳೆಯೋದು ಹೇಗೆ? ಕಂಪನಿಯ ಅನಿಲದ ಲೆಕ್ಕವನ್ನು ಮೂರು ‘ಸ್ಕೋಪ್’, ಅಂದರೆ ಮೂರು ವ್ಯಾಪ್ತಿಗಳಾಗಿ ವಿಂಗಡಿಸ್ತಾರೆ. ಕಾರ್ಖಾನೆಯ ಬಾಯ್ಲರ್, ಸ್ವಂತ ಲಾರಿಯ ಡೀಸೆಲ್, ಇದು ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ಸಾಕಣೆದಾರರ ದನ, ಮೇವಿನ ಹೊಲ, ಗೊಬ್ಬರ, ಹುಲ್ಲುಗಾವಲಿಗಾಗಿ ಕಡಿದ ಅಮೆಜಾನ್ ಕಾಡು. ಮಾಂಸದ ಕಂಪನಿಯ ನಿಜವಾದ ಹೊರೆ ಇರೋದೇ ಇಲ್ಲಿ. ಇದನ್ನು ಬಿಟ್ಟ ಲೆಕ್ಕ ಲೆಕ್ಕವೇ ಅಲ್ಲ.

ಕಾಡು ಕಡಿದ ಜಾಗದಲ್ಲಿ ಹುಟ್ಟಿದ ಕರು ಕೈಯಿಂದ ಕೈಗೆ ಮಾರಾಟವಾಗಿ ಕಸಾಯಿಖಾನೆ ಸೇರುತ್ತೆ. ಕೊನೆಯ ಫಾರಂ ಒಂದನ್ನೇ ತಪಾಸಣೆ ಮಾಡಿದರೆ ಕಾಗದದಲ್ಲಿ ಎಲ್ಲ ಸರಿಯಾಗೇ ಕಾಣುತ್ತೆ. ಅದಕ್ಕೇ ಮೊದಲು ಕೇಳಿ: ಈ ಕರು ಹುಟ್ಟಿದ್ದೆಲ್ಲಿ?

2024ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್, ಜೆಬಿಎಸ್‌ನ ಅಮೆರಿಕ ಘಟಕದ ಮೇಲೆ ದಾವೆ ಹೂಡಿದರು. ಗುರಿ ಮುಟ್ಟೋಕೆ ನಡೆಯುವಂಥ ಯೋಜನೆಯೇ ಇಲ್ಲ, ಗ್ರಾಹಕರನ್ನು ದಾರಿ ತಪ್ಪಿಸಲಾಗಿದೆ ಅನ್ನೋದು ಆರೋಪ. 2025ರಲ್ಲಿ 11 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆ ರಾಜಿಯ ಪ್ರಕಾರ ಕಂಪನಿ 2040ರ ನೆಟ್ ಝೀರೋ ಅನ್ನು ಇನ್ನು ವಾಗ್ದಾನ ಅನ್ನೋ ಹಾಗಿಲ್ಲ, ಗುರಿ ಅಂತಷ್ಟೇ ಹೇಳಬೇಕು.