ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದೇ?

ಬೀದರ, ಭಾಲ್ಕಿ, ಔರಾದ ಸೀಮೆಯ ರೈತರ ಮನೆಗಳಲ್ಲಿ ತೊಗರಿ, ಜೋಳದ ಚೀಲಗಳು. ನಮ್ಮ ಮನೆಗಳಲ್ಲಿ ಅಡಿಕೆ, ಕಾಫಿಯ ಚೀಲಗಳು. ಬೆಳೆ ಬೇರೆಯಾದರೂ ಇಲಿಕಾಟ ಒಂದೇ, ಅದಕ್ಕೆಂದು ಸಾಕುವ ಬೆಕ್ಕೂ ಒಂದೇ. ಆದರೆ ಹೊಟ್ಟೆ ತುಂಬ ಹಾಕಿದರೆ ಬೆಕ್ಕು ಇಲಿ ಹಿಡಿಯದೆಂದು ಹಲವರು ಅದನ್ನು ಉಪವಾಸ ಕೆಡವುತ್ತಾರೆ.

ಇದು ತಪ್ಪು. ಬೇಟೆ ಬೆಕ್ಕಿನ ಹುಟ್ಟುಗುಣ. ಉಂಡ ಬೆಕ್ಕೂ ಇಲಿಗೆ ಹೊಂಚುತ್ತದೆ. ಹಸಿದದ್ದಾದರೋ ಆಹಾರ ಹುಡುಕುತ್ತ ಮನೆ ಬಿಟ್ಟು ಅಲೆಯುತ್ತದೆ.

ಬೆಕ್ಕು ಮಾಂಸಾಹಾರಿ. ಅದಕ್ಕೆ ಅಗತ್ಯವಾದ ಟಾರಿನ್ ಎಂಬ ಸತ್ವವು ಮುಖ್ಯವಾಗಿ ಮೀನು, ಮಾಂಸಗಳಲ್ಲಿದೆ. ಬಹುಕಾಲ ಇದು ದೊರೆಯದಿದ್ದರೆ ಕಣ್ಣು, ಹೃದಯಗಳು ಕೆಡುತ್ತವೆ. ಆದ್ದರಿಂದ ಹಾಲು-ಅನ್ನವೊಂದೇ ಸಾಲದು. ಬೆಳೆದ ಬೆಕ್ಕಿಗೆ ಹಾಲು ಹೆಚ್ಚಾದರೆ ಭೇದಿಯೂ ಆಗಬಹುದು. ಶುದ್ಧ ನೀರು ಸದಾ ಇರಲಿ.

ಬಾಗಿಲು, ಕಂಬಗಳನ್ನು ಪರಚುವುದು ತುಂಟತನವಲ್ಲ. ಉಗುರು ಹದಮಾಡಿಕೊಂಡು ತನ್ನ ಗುರುತು ಬಿಡುವ ರೀತಿ. ಹೊಡೆಯದೆ, ಒಂದು ಮರದ ತುಂಡಿಗೆ ಗೋಣಿತಾಟು ಸುತ್ತಿ ಕೊಡಿರಿ.

ಮುಖ್ಯವಾದ ಮಾತೊಂದು: ಬೆಕ್ಕಿರುವಲ್ಲಿ ಇಲಿಪಾಷಾಣ ಇಡಬಾರದು. ವಿಷ ತಿಂದ ಇಲಿಯನ್ನು ತಿಂದು ಬೆಕ್ಕು ಸಾಯಬಹುದು. ಬೆಕ್ಕು ಹೋದ ಮೇಲೆ ಇಲಿಗಳಿಗೆ ತಡೆಯಿಲ್ಲ.

ಬೆಕ್ಕಿನಿಂದಲೂ ರೇಬಿಸ್ ಬರಬಹುದು. ಅದಕ್ಕೆ ಲಸಿಕೆ ಹಾಕಿಸಿರಿ. ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಬೀದರದಲ್ಲಿ ಕೇಂದ್ರವಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳು ಶಿವಮೊಗ್ಗ, ಹಾಸನಗಳಲ್ಲೂ ಇವೆ. ಹಸುವಿಗೆ ಕೇಳುವಂತೆಯೇ ಬೆಕ್ಕಿಗೂ ಪಶುವೈದ್ಯರ ಸಲಹೆ ಕೇಳಲು ಸಂಕೋಚ ಬೇಡ.