ಸೀಮೆಸುಣ್ಣದ ಗೋಡೆಯ ಮೇಲೊಂದು ದಿನ: ಲಂಡನ್ನಿನಲ್ಲಿ ಓದುವ ಮಕ್ಕಳ ನೆಚ್ಚಿನ ಚಾರಣ

ಉನ್ನತ ವ್ಯಾಸಂಗಕ್ಕಾಗಿ ಮಕ್ಕಳು ಲಂಡನ್ನಿಗೆ ತೆರಳುವುದು ನಮ್ಮ ಸಂಘ-ಸಂಸ್ಥೆಗಳ ಸದಸ್ಯರ ಮನೆಗಳಲ್ಲಿ ಈಗ ಹೊಸ ಸಂಗತಿಯೇನಲ್ಲ. ಅವರು ಕಳುಹಿಸುವ ಫೋಟೋದಲ್ಲಿ ಹಸಿರು ಗುಡ್ಡ, ಅದರ ತುದಿಯಲ್ಲಿ ಥಟ್ಟನೆ ಕಡಿದ ಬಿಳಿ ಗೋಡೆ, ಕೆಳಗೆ ಕಡಲು ಕಂಡರೆ ಅದು ಬಹುಶಃ ಸಸೆಕ್ಸ್ ತೀರದ ಸೆವೆನ್ ಸಿಸ್ಟರ್ಸ್ ಆಗಿರುತ್ತದೆ. ಬೆಳಿಗ್ಗೆ ಹೊರಟರೆ ರಾತ್ರಿಗೆ ಮರಳಬಹುದು. ವಸತಿಯ ಖರ್ಚಿಲ್ಲ, ನಡೆಯಲು ಟಿಕೆಟೂ ಬೇಡ. ವಿದ್ಯಾರ್ಥಿಗಳ ರೈಲ್‌ಕಾರ್ಡ್ ಇದ್ದರೆ ರೈಲು ದರದಲ್ಲಿ ಮೂರನೇ ಒಂದು ಭಾಗ ಉಳಿತಾಯ.

ಲಂಡನ್ ವಿಕ್ಟೋರಿಯಾದಿಂದ ಲೂಯಿಸ್‌ನಲ್ಲಿ ರೈಲು ಬದಲಿಸಿ ಸೀಫರ್ಡ್ ಸೇರಲು ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಈಸ್ಟ್‌ಬೋರ್ನ್‌ವರೆಗೆ ಇಪ್ಪತ್ತು ಕಿ.ಮೀ.ಗೂ ಮಿಕ್ಕಿದ ಏರಿಳಿತದ ದಾರಿ. ಕಕ್‌ಮಿಯರ್ ನದಿಯ ಅಳಿವೆಯಲ್ಲಿ ಸೇತುವೆಯಿಲ್ಲ, ಒಳನಾಡಿನ ಎಕ್ಸೀಟ್‌ಗೆ ಸುತ್ತಿ ಬರಬೇಕು. ಅಷ್ಟು ನಡೆಯಲಾರದವರು ಬ್ರೈಟನ್–ಈಸ್ಟ್‌ಬೋರ್ನ್ ಬಸ್ಸಿನಲ್ಲಿ ಬಂದು ಎಕ್ಸೀಟ್‌ನಲ್ಲೇ ಇಳಿಯುವುದುಂಟು. ಕೊನೆಯ ಬೀಚಿ ಹೆಡ್ 162 ಮೀಟರ್ ಎತ್ತರವಿದ್ದು, ಬ್ರಿಟನ್ನಿನ ಸುಣ್ಣದ ಕಡಲಬಂಡೆಗಳಲ್ಲಿ ಅದೇ ಅತಿ ಎತ್ತರದ್ದು.

ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್‌ಗೆ ಕೆಂಪು ಮುರಕಲ್ಲಿನ ಗುಡ್ಡ ಹತ್ತಿ ಇಳಿದವರಿಗೆ ಇದು ಪರಿಚಿತ ನಡಿಗೆ ಎನಿಸಬಹುದು. ಆದರೆ ಕಾಲಡಿಯ ನೆಲ ಬೇರೆ. ನಾವು ಸೀಮೆಸುಣ್ಣ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಕೋಟ್ಯಂತರ ವರ್ಷಗಳ ಹಿಂದೆ ಸೂಕ್ಷ್ಮ ಕಡಲಜೀವಿಗಳ ಚಿಪ್ಪು ತಳಕ್ಕಿಳಿದು ಗಟ್ಟಿಯಾದ ಮೆದು ಕಲ್ಲು ಇದು. ಅಲೆ ಬುಡವನ್ನು ಕೊರೆಯುತ್ತದೆ, ಮೇಲಿನದು ಒಮ್ಮೆಲೇ ಕುಸಿಯುತ್ತದೆ. ಹೀಗೆ ಕುಸಿಯುತ್ತಲೇ ಇರುವುದರಿಂದ ಗೋಡೆ ಇಷ್ಟು ಬೆಳ್ಳಗೆ ಉಳಿದಿದೆ. ಸಾವಿರಾರು ವರ್ಷ ವರ್ಷಕ್ಕೆ 2ರಿಂದ 6 ಸೆಂ.ಮೀ. ಹಿಂದೆ ಸರಿಯುತ್ತಿದ್ದ ಬಂಡೆ ಕಳೆದ ಒಂದೂವರೆ ಶತಮಾನದಲ್ಲಿ ವರ್ಷಕ್ಕೆ 22ರಿಂದ 32 ಸೆಂ.ಮೀ. ಸರಿದಿದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭವನ್ನು 1999ರಲ್ಲಿ ಇಡಿಯಾಗಿ 17 ಮೀಟರ್ ಹಿಂದಕ್ಕೆ ಜರುಗಿಸಬೇಕಾಯಿತು. ಬರ್ಲಿಂಗ್ ಗ್ಯಾಪ್‌ನ ಸಾಲುಮನೆಗಳಲ್ಲಿ ಒಂದನ್ನು 2014ರಲ್ಲಿ ಕೆಡವಲಾಯಿತು.

ಬಹುಪಾಲು ದಾರಿಗೆ ಬೇಲಿಯಿಲ್ಲ. ಮೇಲೆ ನಿಂತವರಿಗೆ ಗಟ್ಟಿ ಹುಲ್ಲುನೆಲವಷ್ಟೇ ಕಾಣುತ್ತದೆ, ಅದರಡಿ ಪೊಳ್ಳಾಗಿರುವುದು ಕಾಣುವುದಿಲ್ಲ. 2017ರ ಜೂನ್‌ನಲ್ಲಿ ವಿದೇಶಿ ವಿದ್ಯಾರ್ಥಿನಿಯೊಬ್ಬಳು ಅಂಚಿನ ಬಳಿ ಫೋಟೋಕ್ಕಾಗಿ ಜಿಗಿದು ಕೆಳಗೆ ಬಿದ್ದು ಅಸುನೀಗಿದಳು. ಮೊಬೈಲು ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುವ ಚಾಳಿಗೆ ಈ ಗುಡ್ಡ ತಕ್ಕ ಜಾಗವಲ್ಲ. ಚೆನ್ನಾದ ಚಿತ್ರ ಬೇಕಿದ್ದವರು ಅಂಚಿಗೆ ಹೋಗಬೇಕಾಗಿಯೂ ಇಲ್ಲ. ಏಳೂ ಗುಡ್ಡಗಳ ಸಾಲು ಒಟ್ಟಿಗೆ ಕಾಣುವುದು ನದಿಯ ಈಚೆ, ಸೀಫರ್ಡ್ ಬದಿಯ ಇಳಿಜಾರಿನಿಂದ. ಕೆಳಗಿನ ಕಡಲತೀರದಲ್ಲೂ ಬಂಡೆಯ ಬುಡಕ್ಕೆ ಒರಗಿ ಬುತ್ತಿ ಬಿಚ್ಚಬಾರದು. ಭರತದ ನೀರು ದಾರಿ ಮುಚ್ಚುವುದೂ ಉಂಟು.

ಸೆಪ್ಟೆಂಬರ್‌ನಲ್ಲಿ ಕಾಲೇಜು ಸೇರುವ ಮಕ್ಕಳು ಅಕ್ಟೋಬರ್ ಮಧ್ಯದೊಳಗೆ ಹೋಗಿಬರುವುದು ಲೇಸು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮಳೆಗೆ ನೆನೆದ ಸುಣ್ಣ ವಿಪರೀತ ಜಾರುವುದರಿಂದ ಹಿಡಿತವಿರುವ ಬೂಟು ಬೇಕು. ಗಾಳಿ ಜೋರಿದ್ದರೆ ಇನ್ನೊಂದು ವಾರಕ್ಕೆ ಮುಂದೂಡಬೇಕು. ಅವಘಡವಾದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಬೇಕು. ಈಸ್ಟ್‌ಬೋರ್ನ್‌ನಿಂದ ವಿಕ್ಟೋರಿಯಾಕ್ಕೆ ನೇರ ರೈಲಿದೆ. ಭಾನುವಾರಗಳಲ್ಲಿ ಹಳಿ ದುರಸ್ತಿಗೆಂದು ರೈಲು ರದ್ದಾಗುವುದು ಅಲ್ಲಿಯೂ ಇರುವುದರಿಂದ, ಹೊರಡುವ ಮುನ್ನ ವೇಳಾಪಟ್ಟಿ ನೋಡಿಕೊಳ್ಳುವುದು ಉತ್ತಮ.